ಹಿಂಭಾರ

ಐವತ್ತೆರಡು ಕೆಜಿ ನಾನು. ದೋಣಿಯ ಮೂತಿಯಲ್ಲಿ
ಎರಡು ಮರಳುಚೀಲಗಳ ನಡುವೆ ಕೂತ ಮೂರನೆಯದು.
ಖಲೀಲ್ ಮೇಸ್ತ್ರಿ ಪುಸ್ತಕದಲ್ಲಿ ಬರೆದದ್ದೂ ಹಾಗೇ:
ಚೀಲ ಇಪ್ಪತ್ತೈದು, ಚೀಲ ಇಪ್ಪತ್ತೈದು,
ಮಾದೇವಿ ಐವತ್ತೆರಡು.

ಸಾಗರಕಟ್ಟೆಯ ಹಿನ್ನೀರು ಬೆಳಗಿನ ಆರಕ್ಕೆ
ಒರೆಸಿಟ್ಟ ಕಡಪಾಕಲ್ಲು. ಗಾಳಿಯಿಲ್ಲ.
ರೈಲುಸೇತುವೆಯ ಕಂಬದ ಮೇಲೆ ನೀರುಕಾಗೆ
ರೆಕ್ಕೆ ಒಣಹಾಕಿಕೊಂಡು ನಿಂತಿದೆ.
ದೂರಲು ಒಂದು ಅಲೆಯೂ ಇಲ್ಲ. ಆದರೂ ದೋಣಿ
ಎಪ್ಪತ್ತು ದಾಟಿದ್ದೇ ತಡ
ಮೂತಿ ಎತ್ತುತ್ತದೆ, ಬೀಳುತ್ತದೆ,
ಎತ್ತುತ್ತದೆ ಮೊದಲಿಗಿಂತ ಒಂದು ಗೇಣು ಮೇಲಕ್ಕೆ,
ಮತ್ತೆ
ಧಡ್.
ನಾಲಿಗೆ ಹಲ್ಲಿಗೆ ಸಿಕ್ಕಿ ಬಾಯೆಲ್ಲ ಉಪ್ಪು.
ಅಷ್ಟು ಸಿಹಿನೀರಲ್ಲಿ ಉಪ್ಪು ನನ್ನದೊಂದೇ.

‘ಸುಮ್ಮಸುಮ್ಮನೆ ಕುಣೀತದಲ್ಲ’ ಅಂದರು ಬೋಪಣ್ಣ
ಹೆಲ್ಮೆಟ್ಟು ಕಳಚಿ. ಮುಂದಿನ ತಿಂಗಳು ಸ್ಪರ್ಧೆ.
ತಿರುವಿನಲ್ಲಂತೂ ಕೇಳುವುದೇ ಬೇಡ:
ಮೂತಿ ಗಾಳಿಯಲ್ಲಿರುವಾಗ ಸ್ಟೀರಿಂಗ್ ತಿರುಗಿಸಿದರೆ
ನೀರಿಗೆ ಆ ವಿಷಯ ಗೊತ್ತೇ ಆಗುವುದಿಲ್ಲ.

‘ಹಿಂಭಾರ ಆಗದೆ ಸಾ’ ಅಂದುಬಿಟ್ಟೆ.
ನಮ್ಮಪ್ಪ ಕೆಂಚಪ್ಪ ಮಂಡ್ಯದ ಕಾರ್ಖಾನೆಗೆ
ಹದಿನೆಂಟು ವರ್ಷ ಕಬ್ಬು ಹೊಡೆದವನು.
ಹಿಂದೆ ನಾಲ್ಕು ಜಲ್ಲೆ ಹೆಚ್ಚಾದರೂ ಸಾಕು,
ಮೂಕಿ ಆಕಾಶ ನೋಡುತ್ತದೆ,
ನೊಗದ ಕಣ್ಣಿ ಎತ್ತಿನ ಗಂಟಲು ಹಿಡಿಯುತ್ತದೆ.
ಆಗ ನನ್ನನ್ನು ಎತ್ತಿ ಮೂಕಿಯ ಮೇಲೆ ಕೂರಿಸುತ್ತಿದ್ದ.
‘ಅಲ್ಲಾಡ್ಬ್ಯಾಡ ಕೂಸೆ, ಫ್ಯಾಕ್ಟ್ರಿ ಗೇಟ್ ಗಂಟ.’
ಅಷ್ಟು ದಿನದ ಅನುಭವ ನನಗೆ, ಭಾರವಾಗಿ.

ಬ್ಯಾಟರಿ ಮುಂದಕ್ಕೆ ಬಂತು. ಪೆಟ್ರೋಲ್ ಟ್ಯಾಂಕು ಒಂದು ಮೊಳ.
ಎಂಜಿನ್ನನ್ನು ಒಳಕ್ಕೆ ಬಾಗಿಸಿದೆವು:
ಕುಣಿತ ನಿಂತಿತು, ಓಟವೂ.
ಮೂತಿ ನೀರನ್ನು ಉಳತೊಡಗಿತು,
ಎಡಕ್ಕೆಂದರೆ ಬಲಕ್ಕೆ ಜಗ್ಗುವ ಹೋರಿ.
ಮೂರೆಲೆಯ ಪಂಕ ಬಿಚ್ಚಿ ನಾಲ್ಕೆಲೆಯದು ಹಾಕಿದೆವು.
ಎಪ್ಪತ್ತಕ್ಕೆ ಬರುತ್ತಿದ್ದ ಧಡ್ ಎಂಬತ್ತಕ್ಕೆ ಬಂತು,
ಹತ್ತು ಕಿಲೋಮೀಟರ್ ತಡವಾಗಿ, ಅಷ್ಟೆ.

ಮೇಟಗಳ್ಳಿಯ ಶೆಡ್ಡಿನಲ್ಲಿ ದೋಣಿ ಮಗುಚಿ ಹಾಕಿ
ಉಕ್ಕಿನ ಪಟ್ಟಿಯೊಂದನ್ನು ತಳಕ್ಕೆ ಒರಗಿಸಿ
ಮೇಸ್ತ್ರಿ ಅಂದರು: ‘ಆ ಕಡೆಯಿಂದ ಟಾರ್ಚು ಬಿಡು.’
ಪೂರ್ತಿ ಕತ್ತಲು, ಪೂರ್ತಿ ಕತ್ತಲು,
ಕೊನೆಯ ಒಂದೂವರೆ ಅಡಿಯಲ್ಲಿ ಬೆಳಕು ಸೋರಿತು.
ಮೂರು ಮಿಲಿಮೀಟರ್. ಜೋಳದ ಕಾಳು ದಪ್ಪ.
ಅಂಚೂ ಸವೆದು ಬಳೆಯ ಹಾಗೆ ದುಂಡಗೆ.
ಬಿಡಬೇಕಾದ ಕಡೆ ನೀರು ಬಿಟ್ಟಿರಲಿಲ್ಲ,
ತಬ್ಬಿಕೊಂಡು ಹಿಂದನ್ನು ಕೆಳಗೆಳೆದಿತ್ತು.
ಇಷ್ಟು ದಿನ ನಾವು ಭಾರ ಹುಡುಕಿದ್ದು
ಇಲ್ಲದ ಕಡೆ.

ರಾಳ ತುಂಬಿ ನಾಲ್ಕು ದಿನ ಉಜ್ಜಿದೆ.
ಗಾಜಿನ ನಾರಿನ ತುರಿಕೆಗೆ ಮೊಣಕೈ ಕೆಂಪು,
ಕೊಬ್ಬರಿ ಎಣ್ಣೆಯೂ ಸೋತಿತು.
ಅಂಚನ್ನು ಎಷ್ಟು ಚೂಪು ಮಾಡಿದೆನೆಂದರೆ
ಮೇಸ್ತ್ರಿ ಹೆಬ್ಬೆರಳು ಸವರಿ
ರಕ್ತ ಚೀಪುತ್ತ ನಕ್ಕರು.

ಭಾನುವಾರ ಬೆಳಿಗ್ಗೆ ಮೂತಿಗೆ ಕಾಲಿಟ್ಟಿದ್ದೆ.
‘ಇವತ್ತು ಬೇಡಮ್ಮ’ ಅಂದರು ಬೋಪಣ್ಣ.
ಚೀಲಗಳೂ ಇಳಿದವು. ಒಂದರ ಮೇಲೆ ಕೂತು ನೋಡಿದೆ:
ಎಪ್ಪತ್ತು. ಎಂಬತ್ತು. ತೊಂಬತ್ತೆರಡು.
ಬಟ್ಟೆ ಅಂಗಡಿಯವನು ಹಲ್ಲಲ್ಲಿ ಕಚ್ಚಿ
ಸರ್ರನೆ ಸೀಳಿದ ಥಾನಿನ ಹಾಗೆ ನೀರು ನೇರ.
ನೀಲಿ ಡ್ರಮ್ಮಿನ ಬಳಿ ತಿರುಗಿಸಿದರೆ
ತಿರುಗಿತು. ಅಷ್ಟೇ, ತಿರುಗಿತು.
ಬಹಳ ಹೊತ್ತಾದ ಮೇಲೆ ಅಲೆ ಬಂದು
ಮೀನಿನವನ ತೆಪ್ಪವನ್ನು ತೂಗಿತು, ಅವನು ಬೈದ.
ದಡದ ಮೇಲಿದ್ದ ನನ್ನ ಮೈ ಮಾತ್ರ
ಇನ್ನೂ ಏಳುತ್ತ ಬೀಳುತ್ತ ಇತ್ತು.

ಪುಸ್ತಕದಲ್ಲಿ ಮೂರೂ ಸಾಲಿಗೆ ಗೀಟು ಬಿದ್ದಿತ್ತು.
ಲಗೇಜ್ ಆಟೋ ಹೊರಟಾಗ
ಸಾಮಾನಿನ ಜೊತೆ ತುದಿಗೆ ಕಾಲು ಇಳಿಬಿಟ್ಟು ಕೂತೆ.
ಬೆಳಗೊಳದ ಏರಿನಲ್ಲಿ ಗಾಡಿ ಮುಕ್ಕಿರಿಯಿತು,
ಮೇಸ್ತ್ರಿ ಕತ್ತು ಹೊರಹಾಕಿ ಕೂಗಿದರು:
‘ಮುಂದ್ ಬಾ ಬೇಟಾ, ಹಿಂಭಾರ ಆಯ್ತದೆ!’